ಕೋದಂಡರಾಮಪ್ಪ ಮತ್ತು ಕಿತ್ತಳೆ ಚೀಟಿಯ ಇಲಿಗಳು

ಮಾಲೂರಿನ ಕೈಗಾರಿಕಾ ಪ್ರದೇಶದ ಆ ಕಟ್ಟಡಕ್ಕೆ ಒಂದು ಮಾರುದ್ದದ ಇಂಗ್ಲಿಷ್ ಹೆಸರಿದೆ. ಊರಿನವರು ಅದನ್ನು ಇಲಿ ಕಂಪನಿ ಎನ್ನುತ್ತಾರೆ. ಆಟೋದವನಿಗೆ ಇಂಗ್ಲಿಷ್ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಇಲಿ ಕಂಪನಿ ಎಂದರೆ ಗೇಟಿನ ಮುಂದೆಯೇ ತಂದು ನಿಲ್ಲಿಸುತ್ತಾನೆ. ಮಾತ್ರೆ, ಟಾನಿಕ್ಕುಗಳು ಮನುಷ್ಯರ ಬಾಯಿಗೆ ಬೀಳುವ ಮೊದಲು ಇಲಿಗಳ ಬಾಯಿಗೆ ಬೀಳುವ ಜಾಗ ಅದು.

ಕೋದಂಡರಾಮಪ್ಪ ಅಲ್ಲಿ ಹನ್ನೊಂದು ವರ್ಷದಿಂದ ಬಿಳಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದಾನೆ. ಟೇಕಲ್ ಹತ್ತಿರದ ಹಳ್ಳಿಯವನು, ಐವತ್ತೆರಡು ವರ್ಷದವನು, ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುವವನು. ರೈಲಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ "ಇಲಿ ಸಾಕ್ತೀನಿ" ಎಂದುಬಿಡುತ್ತಾನೆ. ಲೋಕವೆಲ್ಲ ಇಲಿ ಕೊಲ್ಲುವುದಕ್ಕೆ ಪಾಷಾಣ ಕೊಳ್ಳುತ್ತಿರುವಾಗ ಇಲಿ ಸಾಕುವುದಕ್ಕೆ ಸಂಬಳ ಪಡೆಯುವ ಮನುಷ್ಯನನ್ನು ಕಂಡು ಎದುರು ಕೂತವರು ಸ್ವಲ್ಪ ಸರಿದು ಕೂರುತ್ತಾರೆ. ಜಾಗ ಸಿಗುತ್ತದೆ. ಅವನಿಗೂ ಅಷ್ಟೇ ಬೇಕಾಗಿರುವುದು.

ಕೆಲಸ ಹೊರಗಿನಿಂದ ನೋಡಿದಷ್ಟು ಹಗುರವಲ್ಲ. ಇಲಿಗಳ ಕೋಣೆಗೆ ಹೋಗುವ ಮೊದಲು ಸ್ನಾನ, ಅಲ್ಲಿಯದೇ ಬಟ್ಟೆ, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಮದುವೆಯ ದಿನವೂ ಕೋದಂಡರಾಮಪ್ಪ ಇಷ್ಟು ಶುಭ್ರವಾಗಿರಲಿಲ್ಲವೆಂದು ಅವನ ಹೆಂಡತಿ ಅಶ್ವತ್ಥಮ್ಮನ ದೂರು. ಒಳಗೆ ಹೋದ ಮೇಲೆ ಪ್ರತಿ ಪಂಜರದ ಇಲಿಗಳನ್ನು ಎಣಿಸಬೇಕು, ನೀರು ಬದಲಿಸಬೇಕು, ಮೇವು ತೂಗಿ ಹಾಕಬೇಕು, ಮಿಕ್ಕ ಮೇವನ್ನು ಮತ್ತೆ ತೂಗಬೇಕು, ಕೊನೆಗೆ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಮೊದಲ ನಾಲ್ಕನ್ನು ಅವನಷ್ಟು ಚೆನ್ನಾಗಿ ಮಾಡುವವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ಐದನೆಯದನ್ನು ಅವನಷ್ಟು ಕೆಟ್ಟದಾಗಿ ಮಾಡುವವರೂ ಇಲ್ಲ.

ಕೈ ಚೆನ್ನಾಗಿರುವುದಕ್ಕೆ ಕಾರಣವಿದೆ. ಅವನದು ರೇಷ್ಮೆ ಸಾಕಿದ ಮನೆ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ಹುಳುಮನೆಯಲ್ಲಿ ನಿಂತವನು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಸ್ಟ್ಯಾಂಡಿನಲ್ಲಿ ಜೋಡಿಸಿರುತ್ತಾರಲ್ಲ, ಅದರಲ್ಲಿ ಮೇಲಿನ ತಟ್ಟೆಗೆ ಸೆಕೆ, ಕೆಳಗಿನದಕ್ಕೆ ತಂಪು. ಹಾಗೇ ಬಿಟ್ಟರೆ ಮೇಲಿನ ಹುಳುಗಳು ಜ್ವರಕ್ಕೆ ಹೋದಾಗ, ಅಂದರೆ ಪೊರೆ ಬಿಡಲು ತಲೆಯೆತ್ತಿ ಮಲಗಿದಾಗ, ಕೆಳಗಿನವು ಇನ್ನೂ ಸೊಪ್ಪು ಮೇಯುತ್ತಿರುತ್ತವೆ. ಬೆಳೆ ಒಂದೇ ಸಮ ಬರುವುದಿಲ್ಲ. ಅದಕ್ಕೇ ದಿನವೂ ಸೊಪ್ಪು ಹಾಕುವಾಗ ಮೇಲಿನ ತಟ್ಟೆಯನ್ನು ತೆಗೆದು ಕೆಳಗಿಡುತ್ತಾರೆ, ಉಳಿದವು ಒಂದೊಂದು ಮೆಟ್ಟಿಲು ಮೇಲೇರುತ್ತವೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಯಾರೂ ಎಲ್ಲೂ ಬರೆದಿಡುವುದಿಲ್ಲ. ಊಟವಾದ ಮೇಲೆ ಕೈ ತೊಳೆದೆ ಎಂದು ಯಾರಾದರೂ ಬರೆದಿಡುತ್ತಾರೆಯೇ?

ಕಳೆದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಾತ್ರೆ ಕಂಪನಿಯ ಪ್ರಯೋಗ ಬಂತು. ಮಾತ್ರೆಯಲ್ಲಿ ವಿಟಮಿನ್ ಇ, ವಿಟಮಿನ್ ಸಿ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಆ್ಯಂಟಿಆಕ್ಸಿಡೆಂಟ್. ಮಲೇರಿಯಾ ಬಂದ ಇಲಿಗಳಿಗೆ ಇದನ್ನು ತಿನ್ನಿಸಿದರೆ ಬೇಗ ಚೇತರಿಸಿಕೊಳ್ಳುತ್ತವೆ ಎಂದು ತೋರಿಸಬೇಕಿತ್ತು. ತೋರಿಸಬೇಕೋ, ನೋಡಬೇಕೋ ಎಂಬ ವಿಷಯದಲ್ಲಿ ಕಂಪನಿಗೂ ಮೇಘನ ಮೇಡಂಗೂ ಮೊದಲಿನಿಂದಲೇ ಸ್ವಲ್ಪ ಭಿನ್ನಾಭಿಪ್ರಾಯವಿತ್ತು. ಮೇಘನ ಆ ಪ್ರಯೋಗದ ವಿಜ್ಞಾನಿ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೋದಂಡರಾಮಪ್ಪನಿಗೂ ವಿಷಯ ಬಿಡಿಸಿ ಹೇಳುವ ಒಂದೇ ಒಂದು ಜೀವ. ಈ ಮಲೇರಿಯಾ ಇಲಿಗಳದೇ ಬೇರೆ ಜಾತಿ, ಮನುಷ್ಯರಿಗೆ ಅಂಟುವುದಿಲ್ಲ ಎಂದು ಮೊದಲು ಧೈರ್ಯ ಹೇಳಿದಳು. ಆ ಪರಾವಲಂಬಿ ಜೀವಿ ರಕ್ತದ ಕೆಂಪು ಕಣದೊಳಗೆ ನುಗ್ಗಿ ಕೂರುತ್ತದೆ. ಅದನ್ನು ಸುಡಲು ಮೈ ತಾನೇ ಒಂದು ಬಗೆಯ ಕಿಡಿ ಹಾರಿಸುತ್ತದೆ. ಆ ಕಿಡಿ ಮೈಗೂ ತಾಗುತ್ತದೆ. ವಿಟಮಿನ್ನು ಅದನ್ನು ಆರಿಸುತ್ತದೆ. ಇದು ಲೆಕ್ಕಾಚಾರ.

"ಕಿಡಿ ಆರಿದ್ರೆ ಒಳಗೆ ಕೂತಿರೋ ಕಳ್ಳನಿಗೂ ತಂಪಾಗಲ್ವಾ ಮೇಡಂ?" ಎಂದು ಕೇಳಿದ್ದ ಕೋದಂಡರಾಮಪ್ಪ.

ಮೇಘನ ಅವನನ್ನು ಒಂದು ಕ್ಷಣ ನೋಡಿ, ಅದನ್ನೇ ನಾನೂ ಕಂಪನಿಯವರಿಗೆ ಕೇಳಿದ್ದೆ, ಅವರು ಚಹಾ ತರಿಸಿದರು ಎಂದಳು.

ಇಪ್ಪತ್ತನಾಲ್ಕು ಪಂಜರ, ಒಂದೊಂದರಲ್ಲಿ ಐದು ಇಲಿ. ಸ್ಟ್ಯಾಂಡಿನಲ್ಲಿ ನಾಲ್ಕು ಸಾಲು, ಸಾಲಿಗೆ ಆರು ಪಂಜರ. ಪ್ರತಿ ಸಾಲಿನಲ್ಲೂ ಮೂರಕ್ಕೆ ಕಿತ್ತಳೆ ಚೀಟಿ, ಅವಕ್ಕೆ ವಿಟಮಿನ್ ಬೆರೆಸಿದ ಮೇವು. ಮೂರಕ್ಕೆ ಬಿಳಿ ಚೀಟಿ, ಅವಕ್ಕೆ ಬರೀ ಮೇವು. ಎರಡೂ ಮೇವು ನೋಡಲು ಒಂದೇ ಥರ, ಚೀಲದ ಮೇಲಿನ ಬಣ್ಣ ಮಾತ್ರ ಬೇರೆ.

ಮೊದಲ ದಿನವೇ ಕೋದಂಡರಾಮಪ್ಪ ಒಂದು ತೊಂದರೆ ಕಂಡ. ಏಸಿಯ ಗಾಳಿ ನೇರವಾಗಿ ಮೇಲಿನ ಸಾಲಿಗೆ ಹೊಡೆಯುತ್ತಿತ್ತು. ಇಲಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ರಿಪೇರಿ ಪುಸ್ತಕದಲ್ಲಿ ಬರೆದ. ಯಾರೂ ಬರಲಿಲ್ಲ. ಕ್ವಾಲಿಟಿ ವಿಭಾಗದ ಮುಖ್ಯಸ್ಥ ಚಂದ್ರಮೋಹನ್ ಅವರಿಗೆ ಹೇಳಿದ. ಪುಸ್ತಕದಲ್ಲಿ ಬರೆಯಿರಿ ಎಂದರು. ಬರೆದಿದ್ದೇನೆ ಎಂದ. ಹಾಗಾದರೆ ಬರುತ್ತಾರೆ ಎಂದರು. ಎರಡನೆಯ ದಿನ ಕೋದಂಡರಾಮಪ್ಪ, ಅಪ್ಪನ ಹುಳುಮನೆಯಲ್ಲಿ ಮಾಡುತ್ತಿದ್ದುದನ್ನೇ ಮಾಡಿದ. ಮೇಲಿನ ಸಾಲನ್ನು ಕೆಳಗಿಟ್ಟ, ಉಳಿದವನ್ನು ಒಂದೊಂದು ಸಾಲು ಏರಿಸಿದ. ದಿನವೂ ಹಾಗೇ. ಚೀಟಿ ಪಂಜರಕ್ಕೇ ಅಂಟಿತ್ತು, ಮೇವು ಚೀಟಿ ನೋಡಿಯೇ ಬೀಳುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ರಿಜಿಸ್ಟರಿನಲ್ಲಿ. ಅಲ್ಲಿ 'ಸ್ಥಳ' ಎಂದೊಂದು ಕಾಲಂ ಇತ್ತು. ಮೊದಲ ದಿನ ಅವನು ಅದರಲ್ಲಿ ಯಾವ ಪಂಜರ ಯಾವ ಸಾಲು ಎಂದು ನೀಟಾಗಿ ಬರೆದ. ಎರಡನೆಯ ದಿನದಿಂದ ಎರಡೆರಡು ಚುಕ್ಕಿ, ಡಿಟ್ಟೊ, ಅಂದರೆ ಮೇಲಿನಂತೆಯೇ. ಆ ಕಟ್ಟಡದಲ್ಲಿ ಎಲ್ಲರೂ ಹಾಕುವುದು ಹಾಗೇ. ಹನ್ನೊಂದು ವರ್ಷದಲ್ಲಿ ಆ ಕಾಲಂ ಅನ್ನು ಯಾರೂ ಓದಿದ್ದನ್ನು ಅವನು ಕಂಡಿರಲಿಲ್ಲ.

ಎಂಟನೆಯ ದಿನಕ್ಕೆ ಕಿತ್ತಳೆ ಚೀಟಿಯ ಇಲಿಗಳು ಮಂಕಾದವು. ರೋಮ ಕೆದರಿಕೊಂಡಿತು, ಬೆನ್ನು ಗೂನಾಯಿತು, ಮೇವು ಮಿಕ್ಕಿತು. ಬಿಳಿ ಚೀಟಿಯವೂ ಜ್ವರದವೇ, ಆದರೂ ಓಡಾಡಿಕೊಂಡಿದ್ದವು. ಕೋದಂಡರಾಮಪ್ಪ ಹೋಗಿ ಹೇಳಿದ. ಮೇಘನ ಬಾಲದ ತುದಿಯಿಂದ ಒಂದೊಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದಳು. ಕಿತ್ತಳೆಯವುಗಳ ರಕ್ತದಲ್ಲಿ ಪರಾವಲಂಬಿಗಳು ತುಂಬಿ ಕೂತಿದ್ದವು. ಹದಿನೆಂಟನೆಯ ದಿನಕ್ಕೆ ಕಿತ್ತಳೆಯಲ್ಲಿ ಸತ್ತವು ಇಪ್ಪತ್ಮೂರು, ಬಿಳಿಯಲ್ಲಿ ಒಂಬತ್ತು. ವಿಟಮಿನ್ನು ತಂಪು ಮಾಡಿದ್ದೇನೋ ನಿಜ. ಯಾರಿಗೆ ಎಂಬುದಷ್ಟೇ ಪ್ರಶ್ನೆ.

ಆ ದಿನ ಮಾತ್ರೆ ಕಂಪನಿಯಿಂದ ಫೋನ್ ಮೇಲೆ ಫೋನ್ ಬಂತು. ಮಧ್ಯಾಹ್ನ ಚಂದ್ರಮೋಹನ್ ತಾವೇ ಸ್ನಾನ ಮಾಡಿ, ಟೋಪಿ ಹಾಕಿ, ರಿಜಿಸ್ಟರ್ ಹಿಡಿದು ಕೋಣೆಗೆ ಬಂದರು. ಹನ್ನೊಂದು ವರ್ಷ ಯಾರೂ ಓದದ ಕಾಲಂ ಅನ್ನು ಓದಿದರು. ಪುಸ್ತಕದಲ್ಲಿ ಮೇಲಿನ ಸಾಲಿನಲ್ಲಿದ್ದ ಪಂಜರ ಕಣ್ಣೆದುರಿಗೆ ಕೆಳಗಿನ ಸಾಲಿನಲ್ಲಿತ್ತು. ಅವರ ಮುಖದ ಮೇಲೆ, ಮಾಸ್ಕಿನ ಹೊರಗೆ ಕಾಣುವಷ್ಟು ಮುಖದ ಮೇಲೆ, ಒಂದು ನೆಮ್ಮದಿ ಮೂಡಿತು. ಚೌಕಾಸಿ ಕುದುರದೆ ಕೂತ ಗಿರಾಕಿಗೆ ಮಾಲಿನಲ್ಲಿ ಒಂದು ತೂತು ಸಿಕ್ಕಿದರೆ ಆಗುವಂಥ ನೆಮ್ಮದಿ.

ಇದು ಯಾಕೆ ಇಲ್ಲಿದೆ ಎಂದು ಕೇಳಿದರು. ಕೋದಂಡರಾಮಪ್ಪ ತಟ್ಟೆ ತಿರುಗಿಸುವ ಪದ್ಧತಿಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಮೆಚ್ಚುತ್ತಾರೆ ಎಂದುಕೊಂಡಿದ್ದ, ಪಾಪ. ಚಂದ್ರಮೋಹನ್ ಅಂದೇ ಪ್ರಯೋಗ ನಿಲ್ಲಿಸಿದರು. ಉಳಿದ ಇಲಿಗಳನ್ನೂ ಕೊಂದು ರಕ್ತ ತೆಗೆದು ಕೊಳವೆಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟದ್ದಾಯಿತು. ಮರುದಿನ ಕೋದಂಡರಾಮಪ್ಪನ ಮುಂದೆ ಒಂದು ಕಾಗದ ಬಂತು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ: ನನ್ನ ಅಜಾಗರೂಕತೆಯಿಂದ ಪಂಜರಗಳು ಸ್ಥಳ ಬದಲಾಗಿ, ಆಹಾರವು ಅದಲುಬದಲಾಗಿರುತ್ತದೆ. ಇದಕ್ಕೆ ಸಹಿ ಬಿದ್ದರೆ ಸತ್ತ ಇಲಿಗಳ ಲೆಕ್ಕ ಮಾತ್ರೆಯ ಮೇಲೆ ಬರುವುದಿಲ್ಲ.

"ಸಾರ್, ಪಂಜರ ಬದಲಾಯಿಸಿದೀನಿ. ಮೇವು ಬದಲಾಯಿಸಿಲ್ಲ," ಎಂದ.

"ಎರಡೂ ಒಂದೇ ಅಲ್ವೇನ್ರೀ?"

"ನೀವು ಟೇಬಲ್ ಆ ಕಡೆಯಿಂದ ಈ ಕಡೆ ಹಾಕ್ಕೊಂಡ್ರೆ ನಿಮ್ಮ ಊಟದ ಡಬ್ಬಿ ನನ್ನದಾಗುತ್ತಾ ಸಾರ್?"

ಚಂದ್ರಮೋಹನ್ ಕೆಟ್ಟವರೇನಲ್ಲ. ಸಹಿ ಹಾಕಿದರೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತೇವೆ, ಕೆಲಸಕ್ಕೆ ತೊಂದರೆಯಿಲ್ಲ, ಮನುಷ್ಯರಿಂದ ತಪ್ಪಾಗುತ್ತದೆ ಎಂದು ಸಮಾಧಾನವಾಗಿಯೇ ಹೇಳಿದರು. ಹಾಕದಿದ್ದರೆ ಮಾರ್ಚಿಗೆ ಮುಗಿಯುವ ಕರಾರನ್ನು ಮತ್ತೆ ಬರೆಯುವುದು ಕಷ್ಟ ಎಂಬುದನ್ನೂ ಅಷ್ಟೇ ಸಮಾಧಾನವಾಗಿ ಹೇಳಿದರು. ಸಹಿ ಹಾಕುವವರೆಗೆ ಇಲಿಗಳ ಕೋಣೆಗೆ ಹೋಗಬೇಡಿ, ಬಾಟಲಿ ತೊಳೆಯುವ ಕಡೆ ಇರಿ ಎಂದರು.

ಕೋದಂಡರಾಮಪ್ಪನನ್ನು ಬೇಯಿಸಿದ್ದು ಬಾಟಲಿ ತೊಳೆಯುವ ಕೆಲಸವಲ್ಲ. ಸಂಜೆಯ ರೈಲಿನಲ್ಲಿ ನಿಂತುಕೊಂಡು ಅವನು ಒಳಗೊಳಗೇ ಜಗಳವಾಡಿದ. ಡಿಟ್ಟೊ ಹಾಕಿದ್ದಕ್ಕೆ ಬೈಯಲಿ, ಕೇಳುತ್ತೇನೆ. ಆದರೆ ಮೇವು ತಪ್ಪಿಸಿದವನು ಎಂದು ಬರೆದುಕೊಟ್ಟರೆ, ಬಾಯಿಲ್ಲದ ಜೀವಗಳಿಗೆ ಹನ್ನೊಂದು ವರ್ಷ ಇಟ್ಟ ಮೇವೆಲ್ಲ ಅನುಮಾನದ ಮೇವಾಗುತ್ತದೆ. ಹುಳುಮನೆಯಲ್ಲಿ ರೋಗ ತರುವ ಒದ್ದೆ ಸೊಪ್ಪು ಹಾಕಿದವನು ಎಂದು ಹೆಸರು ಬಂದರೆ ಅವನ ಅಪ್ಪ ಸಂತೆಗೆ ಹೋಗುತ್ತಿರಲಿಲ್ಲ.

ಮನೆಯಲ್ಲಿ ಅಶ್ವತ್ಥಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಗಂಡ ಇಲಿಗೆ ಹೋದ ಮೇಲೆ ರೇಷ್ಮೆಯ ಪೂರ್ತಿ ಜವಾಬ್ದಾರಿ ಅವಳದು, ಬೆಳೆಯೂ ಮೊದಲಿಗಿಂತ ಚೆನ್ನಾಗಿ ಬರುತ್ತದೆ. ಆ ಸಂಗತಿಯನ್ನು ಅವಳು ವಾರಕ್ಕೊಮ್ಮೆ ಮಾತ್ರ ನೆನಪಿಸುತ್ತಾಳೆ. ಕಥೆಯೆಲ್ಲ ಕೇಳಿ, ಸಹಿ ಹಾಕಿ ಬಾ, ನಿನ್ನ ಸಹಿಯೇನು ತಹಸೀಲ್ದಾರರ ಸಹಿಯೇ ಎಂದಳು. ಅವನು ಚಾಪೆಯ ಮೇಲೆ ಕೂತು ಗೋಡೆ ನೋಡಿದ. ಅವಳು ಎರಡು ಸ್ಟ್ಯಾಂಡಿಗೆ ಸೊಪ್ಪು ಹಾಕಿ ಮುಗಿಸಿ ಬಂದು ಮತ್ತೆ ಶುರು ಮಾಡಿದಳು.

"ಅಲ್ಲಯ್ಯಾ, ಹುಳ ಯಾವ ಸೊಪ್ಪು ತಿಂದಿದೆ ಅಂತ ಗೂಡು ಹಿಸುಕಿ ನೋಡಿದ್ರೆ ನಂಗೆ ಗೊತ್ತಾಗುತ್ತೆ. ಅಷ್ಟು ಓದಿರೋರಿಗೆ ಇಲಿ ಏನು ತಿಂದಿದೆ ಅಂತ ಇಲಿ ನೋಡಿ ಹೇಳಕ್ಕಾಗಲ್ವಾ? ನಿನ್ನ ಸಹಿ ಬೇಕಾ ಅದಕ್ಕೆ?"

ಕೋದಂಡರಾಮಪ್ಪ ಗೋಡೆಯಿಂದ ಕಣ್ಣು ತೆಗೆದು ಹೆಂಡತಿಯ ಕಡೆ ನೋಡಿದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ಅವನು ಹೀಗೆ ಬೆರಗಾದದ್ದು ಎರಡನೆಯ ಸಲವೋ ಮೂರನೆಯದೋ. ಅದನ್ನು ಹೇಳಲು ಹೋಗಲಿಲ್ಲ. ಹೇಳಿದ್ದರೆ ಅದೂ ವಾರದ ಪಟ್ಟಿಗೆ ಸೇರುತ್ತಿತ್ತು.

ಮರುದಿನ ಅದನ್ನೇ ಮೇಘನಳಿಗೆ ಕೇಳಿದ. ಅವಳು ಕುರ್ಚಿಗೆ ಒರಗಿದಳು. ಗೊತ್ತಾಗುತ್ತದೆ ಎಂದಳು. ವಿಟಮಿನ್ ಇ ತಿಂದರೆ ರಕ್ತದಲ್ಲಿ ಏರುತ್ತದೆ, ಅಳೆದರೆ ಸಿಗುತ್ತದೆ, ರಕ್ತದ ಕೊಳವೆಗಳು ಫ್ರೀಜರಿನಲ್ಲೇ ಇವೆ. ಒಂದು ದಿನದ ಕೆಲಸ.

"ಹಾಗಾದ್ರೆ ನೋಡಿಬಿಡಿ ಮೇಡಂ."

"ಚಂದ್ರಮೋಹನ್ ಸಾರ್ ಅನುಮತಿ ಬೇಕು, ರಾಮಪ್ಪೋರೇ."

ಚಂದ್ರಮೋಹನ್ ಹೇಳಿದ್ದು ಇಷ್ಟು: ತಪ್ಪಾಗಿದೆ ಎಂದು ರಾಮಪ್ಪ ಹೇಗೂ ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಂಡ ಮೇಲೆ ಪರೀಕ್ಷೆ ಯಾಕೆ? ಒಪ್ಪಿಕೊಂಡಿಲ್ಲವಲ್ಲ ಎಂದಳು ಮೇಘನ. ಒಪ್ಪಿಕೊಂಡ ಮೇಲೆ ನೋಡೋಣ ಎಂದರು. ಈ ಮಾತಿನ ಬಾಲ ಯಾವುದು, ತಲೆ ಯಾವುದು ಎಂದು ಕೋದಂಡರಾಮಪ್ಪ ಬಾಟಲಿ ತೊಳೆಯುತ್ತಾ ಮೂರು ದಿನ ಹುಡುಕಿದ. ಸಿಗಲಿಲ್ಲ. ಅವನ ಬದಲು ಇಲಿಗಳ ಕೋಣೆಗೆ ಹೋಗುತ್ತಿದ್ದವನು ನೀರಿನ ಬಾಟಲಿಗಳನ್ನು ಅರೆಬರೆ ಖಾಲಿಯಾಗಿಯೇ ತೊಳೆಯಲು ಕಳಿಸುತ್ತಿದ್ದ, ಮುಚ್ಚಳ ಒಂದು ಕಡೆ, ನಳಿಕೆ ಒಂದು ಕಡೆ. ಅದನ್ನು ನೋಡಿ ಕೋದಂಡರಾಮಪ್ಪನಿಗೆ ಇನ್ನಷ್ಟು ಉರಿಯಿತು. ರಿಜಿಸ್ಟರ್ ಮಾತ್ರ ಆ ಹೊಸಬನದು ಬಹಳ ಚೆನ್ನಾಗಿತ್ತಂತೆ.

ನಾಲ್ಕನೆಯ ದಿನ ಬುಡನ್ ಸಾಬ್ ಬಂದರು. ಮುಳಬಾಗಿಲಿನವರು, ಪಂಜರದೊಳಗೆ ಹಾಸುವ ಮರದ ಹೊಟ್ಟು ಸರಬರಾಜು ಮಾಡುವವರು. ಇಲಿಗಳ ಕೋಣೆಯಲ್ಲಿರಬೇಕಾದವನು ತೊಟ್ಟಿಯ ಮುಂದೆ ಮೊಣಕೈವರೆಗೆ ಸೋಪಿನ ನೊರೆಯಲ್ಲಿ ನಿಂತಿದ್ದುದನ್ನು ಕಂಡು ಚೀಲದ ಮೇಲೆಯೇ ಕೂತರು.

"ಏನ್ ರಾಮಣ್ಣ, ಪ್ರಮೋಷನ್ನಾ?"

ಕೋದಂಡರಾಮಪ್ಪ ಕಥೆ ಹೇಳಿದ. ಬುಡನ್ ಸಾಬ್ ಗಂಭೀರವಾಗಿ ಕೇಳುತ್ತಾ ಜೇಬಿಗೆ ಕೈ ಹಾಕಿ ಒಂದು ಮಾತ್ರೆಯ ಪಟ್ಟಿ ತೆಗೆದರು. ಅದರ ಮೇಲೂ ಅದೇ ಆ್ಯಂಟಿಆಕ್ಸಿಡೆಂಟ್. ಬೇರೆ ಕಂಪನಿಯದು. ಮಗಳು ಸಿದ್ರಾ ತಂದುಕೊಟ್ಟಿದ್ದಾಳೆ, ದಿನಕ್ಕೊಂದು ನುಂಗುತ್ತೇನೆ, ನಿಲ್ಲಿಸಲಾ ಎಂದು ಕೇಳಿದರು.

"ನಂಗೆ ಇಲಿದು ಗೊತ್ತು ಭಾಯಿ, ನಿಮ್ದು ಗೊತ್ತಿಲ್ಲ. ಡಾಕ್ಟರ್‌ನ ಕೇಳಿ."

"ನೋಡು, ಇದೇ ನಿಂದು ತೊಂದ್ರೆ. ಗೊತ್ತಿದ್ದಷ್ಟೇ ಹೇಳ್ತೀಯ. ಅವ್ರಿಗೆ ಬೇಕಾಗಿರೋದು ಗೊತ್ತಿಲ್ದೇ ಇರೋದನ್ನೂ ಬರ್ಕೊಡೋನು." ಪಟ್ಟಿಯನ್ನು ಮತ್ತೆ ಜೇಬಿಗಿಟ್ಟುಕೊಂಡು, ಅವರ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದರೆ ಸುಮ್ಮನೆ ಕೂರಬೇಡ, ನಿನ್ನ ಕಾಗದ ನೀನು ಬರೆ ಎಂದರು. ಮಾಲು ಹಿಂದಕ್ಕೆ ಬಂದಾಗ ತಾವೂ ಹಾಗೇ ಮಾಡುತ್ತಾರಂತೆ. ಹೊಟ್ಟು ಒದ್ದೆಯಾಗಿದ್ದರೆ ಒದ್ದೆ ಎಂದು ಬರೆದುಕೊಡುತ್ತಾರೆ, ಹುಳು ಹಿಡಿದಿದೆ ಎಂದು ಬರೆಯುವುದಿಲ್ಲ.

ಕೋದಂಡರಾಮಪ್ಪ ಊಟದ ಬಿಡುವಿನಲ್ಲಿ ಕೂತು ಬರೆದ. ಐದು ಸಾಲು ಬರೆಯಲು ಎರಡು ಬಿಡುವು ಬೇಕಾಯಿತು. ಏಸಿ ಗಾಳಿ ಹೊಡೆಯುತ್ತಿತ್ತು, ತಿಳಿಸಿದೆ, ಯಾರೂ ಬರಲಿಲ್ಲ. ದಿನವೂ ಮೇಲಿನ ಸಾಲನ್ನು ಕೆಳಗಿಟ್ಟೆ. ರಿಜಿಸ್ಟರಿನಲ್ಲಿ ಡಿಟ್ಟೊ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಮೇವು ತಪ್ಪಿಲ್ಲ. ರಕ್ತ ನೋಡಿರಿ. ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ತಾರೀಖು. ಚಂದ್ರಮೋಹನ್ ಅದನ್ನು ಓದಿ ಡ್ರಾಯರಿನಲ್ಲಿಟ್ಟರು. ಅದಕ್ಕೆ ಮೊದಲೇ ಮೇಘನ ಅದರ ಫೋಟೊ ತೆಗೆದುಕೊಂಡಿದ್ದಳು.

ಕೆಟ್ಟುಹೋದ ಪ್ರಯೋಗವನ್ನು ಮತ್ತೆ ಮಾಡಬೇಕಾದರೆ ಹೊಸದಾಗಿ ನೂರಿಪ್ಪತ್ತು ಇಲಿ ಬೇಕು. ಅಷ್ಟು ಜೀವ ತೆಗೆಯಲು ಒಂದು ಸಮಿತಿ ಒಪ್ಪಬೇಕು. ಅದರಲ್ಲಿ ಕಂಪನಿಗೆ ಸಂಬಂಧವಿಲ್ಲದ ಒಬ್ಬರಾದರೂ ಇರಬೇಕು. ಇಲ್ಲಿ ಕೋಲಾರದ ನಿವೃತ್ತ ದನದ ಡಾಕ್ಟರು ಉಮಾಶಂಕರ್ ಇದ್ದರು. ಸಮಿತಿ ಸೇರಿದ ದಿನ ಮತ್ತೆ ಯಾಕೆ ಮಾಡಬೇಕು ಎಂದು ಅವರು ಕೇಳಿದರು. ಆಹಾರ ಅದಲುಬದಲಾಗಿದೆ ಎಂದರು ಚಂದ್ರಮೋಹನ್. ಮೇಘನ ಆ ಫೋಟೊ ತೆರೆದು ಫೋನನ್ನು ಮೇಜಿನ ಮೇಲೆ ಸರಿಸಿದಳು. ಉಮಾಶಂಕರ್ ಕನ್ನಡಕ ಏರಿಸಿ ಐದು ಸಾಲು ಓದಿದರು. ಹೊಸ ನೂರಿಪ್ಪತ್ತನ್ನು ಕೊಲ್ಲುವ ಮೊದಲು ಹಳೆಯದರ ರಕ್ತ ನೋಡಲು ಏನು ಅಡ್ಡಿ ಎಂದು ಕೇಳಿದರು. ಅಡ್ಡಿ ಏನೂ ಇರಲಿಲ್ಲ, ಮನಸ್ಸಿರಲಿಲ್ಲ. ಅದನ್ನು ಸಭೆಯ ನಡಾವಳಿಯಲ್ಲಿ ಬರೆಯುವಂತಿರಲಿಲ್ಲ. ಹಾಗಾಗಿ ಪರೀಕ್ಷೆಯಾಯಿತು.

ಕಿತ್ತಳೆ ಚೀಟಿಯ ಪ್ರತಿ ಪಂಜರದ ರಕ್ತದಲ್ಲೂ ವಿಟಮಿನ್ನು ಏರಿತ್ತು. ಬಿಳಿಯ ಒಂದರಲ್ಲೂ ಇರಬೇಕಾದ್ದಕ್ಕಿಂತ ಹೆಚ್ಚಿರಲಿಲ್ಲ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಸರಿ.

ಇದು ಕೋದಂಡರಾಮಪ್ಪನಿಗೆ ತಿಳಿದದ್ದು ನಾಲ್ಕು ದಿನ ಬಿಟ್ಟು. ಆ ನಾಲ್ಕೂ ದಿನ ಅವನು ಎದುರಿಗೆ ಸಿಕ್ಕವರ ಮುಖ ನೋಡುತ್ತಾ ಬಾಟಲಿ ತೊಳೆದ. ಕೊನೆಗೆ ಕೋಲಾರದಲ್ಲಿ ಯಾವುದೋ ಸಭೆ ಮುಗಿಸಿ ಬಂದ ಮೇಘನ, ನಿಮಗೆ ಇನ್ನೂ ಹೇಳಿಲ್ಲವೇ ಎಂದು ತೊಟ್ಟಿಯ ಪಕ್ಕದಲ್ಲೇ ನಿಂತು ಎಲ್ಲ ಹೇಳಿದಳು. ಮಾತ್ರೆ ಕಂಪನಿಗೂ ವರದಿ ಹೋಗಿದೆ, ಈ ಫಲಿತಾಂಶದ ಮೇಲೆ ಹೆಚ್ಚಿನ ಅಧ್ಯಯನ ಬೇಕು ಎಂದು ಉತ್ತರ ಬರೆದಿದ್ದಾರೆ ಎಂದಳು.

"ಅಂದ್ರೆ ಏನು ಮೇಡಂ?"

"ಅಂದ್ರೆ ಬೀರುವಿನಲ್ಲಿಟ್ಟು ಬೀಗ ಹಾಕಿದಾರೆ ಅಂತ."

ಅವನಿಗೆ ನಗು ಬರಲಿಲ್ಲ. ಮೂವತ್ತೆರಡು ಇಲಿ ಒದ್ದಾಡಿ ಸತ್ತು, ಉಳಿದವನ್ನೂ ಕೊಂದು, ಅವು ಹೇಳಿದ್ದನ್ನು ಯಾರೂ ಕೇಳದಿದ್ದರೆ, ದಿನವೂ ಸ್ನಾನ ಮಾಡಿ ಒಳಗೆ ಹೋದದ್ದು ಯಾವ ಪುರುಷಾರ್ಥಕ್ಕೆ ಎಂದು ಕೇಳಬೇಕೆನಿಸಿತು. ಕೇಳಿದರೆ ಪಾಪ, ಆ ಹೆಣ್ಣುಮಗಳೇ ಉತ್ತರ ಹೇಳಬೇಕಾಗುತ್ತಿತ್ತು. ಬಾಟಲಿ ಎತ್ತಿಕೊಂಡ.

ಸೋಮವಾರ ಚಂದ್ರಮೋಹನ್ ಕರೆಸಿದರು. ಮೊದಲಿನ ಕಾಗದದ ಬಗ್ಗೆ ಒಂದು ಮಾತೂ ಆಡದೆ ಎರಡನೆಯದನ್ನು ಮುಂದಿಟ್ಟರು. ನಾಳೆಯಿಂದ ಇಲಿಗಳ ಕೋಣೆಗೇ ಹೋಗಬಹುದು, ಆದರೆ ಇದೊಂದು ಎಚ್ಚರಿಕೆಯ ನೋಟಿಸು, ಕೊಡಲೇಬೇಕು ಎಂದರು. ಕೋದಂಡರಾಮಪ್ಪ ನಿಂತುಕೊಂಡೇ ಓದಿದ. ಪಂಜರಗಳನ್ನು ಅನುಮತಿಯಿಲ್ಲದೆ ತಮಗೆ ಇಷ್ಟ ಬಂದಂತೆ ಸ್ಥಳ ಬದಲಾಯಿಸಿ, ರಿಜಿಸ್ಟರಿನಲ್ಲಿ ತಪ್ಪಾಗಿ ನಮೂದಿಸಿರುತ್ತೀರಿ. ಮೇವಿನ ಸುದ್ದಿಯೇ ಇಲ್ಲ. ಇನ್ನೊಂದು ಸಲ ಓದಿ ಕಾಗದವನ್ನು ಮೇಜಿನ ಮೇಲಿಟ್ಟ.

"ಇದು ಸರಿಯಿಲ್ಲ ಸಾರ್."

"ಇನ್ನೇನ್ರೀ ಈಗ?"

"ಇಷ್ಟ ಬಂದಂತೆ ಅಂತ ಬರೆದಿದೀರ. ಇಷ್ಟ ಬಂದಂಗಲ್ಲ ಸಾರ್. ಮೇಲಿಂದು ಕೆಳಕ್ಕೆ, ಮಿಕ್ಕಿದ್ದು ಒಂದೊಂದು ಮೇಲಕ್ಕೆ. ವರಸೆಯಾಗಿ."

ಚಂದ್ರಮೋಹನ್ ಅವನ ಮುಖ ನೋಡಿದರು, ಗಡಿಯಾರ ನೋಡಿದರು. ಬೈಯಬಹುದಿತ್ತು, ಬೈದರೆ ಇನ್ನೊಂದು ಐದು ಸಾಲಿನ ಕಾಗದ ಬಂದೀತೆಂಬ ಭಯವೂ ಇದ್ದಿರಬೇಕು. ಪೆನ್ನು ತೆಗೆದು 'ಇಷ್ಟ ಬಂದಂತೆ' ಎಂಬುದನ್ನು ಹೊಡೆದುಹಾಕಿ, ಮೇಲೆ 'ವರಸೆಯಾಗಿ' ಎಂದು ಬರೆದು, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ಕೋದಂಡರಾಮಪ್ಪ ಕೆಳಗೆ ತನ್ನ ದೊಡ್ಡ ಸಹಿ ಹಾಕಿ ಒಂದು ಜೆರಾಕ್ಸ್ ಕೇಳಿ ತೆಗೆದುಕೊಂಡ.

ಸಂಜೆ ಅಶ್ವತ್ಥಮ್ಮ ಅದನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದಳು.

"ಇದು ನಿನ್ನ ಬೈದಿರೋ ಕಾಗದ ಅಲ್ವಾ?"

"ಹೂಂ," ಎಂದ ಕೋದಂಡರಾಮಪ್ಪ, ಚಪ್ಪಲಿ ಬಿಡುತ್ತಾ. "ಮಾಡಿದ್ದಕ್ಕೇ ಬೈದಿದಾರೆ."